ಎನಿಲ್ಸಾಳ ಬಾಗಿಲ ಉಡ

ಕಾರ್ತಹೇನಾ ಊರಿನ ನಮ್ಮ ಗೆತ್ಸೆಮನಿ ಕೇರಿಯಲ್ಲಿ ಈಗ ಮನೆ ಮಾಡಿಕೊಂಡು ಇರುವವರಿಗಿಂತ ಫೋಟೋ ತೆಗೆಯಲು ಬರುವವರೇ ಹೆಚ್ಚು. ಕೊಡೆ ಕಟ್ಟಿದ ಓಣಿ ನೋಡಬೇಕು, ಗೋಡೆಗಳ ಮೇಲಿನ ಚಿತ್ರ ನೋಡಬೇಕು, ಚರ್ಚಿನ ಮುಂದಿನ ಚೌಕದಲ್ಲಿ ಹುಡುಗರು ಕುಣಿಯುವುದನ್ನು ನೋಡಬೇಕು, ಹಣ್ಣಿನ ಬೋಗುಣಿ ಹೊತ್ತ ಹೆಂಗಸರ ಪಕ್ಕ ನಿಂತು ಹಲ್ಲು ಕಿರಿಯಬೇಕು. ಬೆಳಗ್ಗೆ ಕಾಫಿ ಹಿಡಿದು ಬಾಗಿಲಲ್ಲಿ ಕೂತರೆ ನಮ್ಮನ್ನೂ ಬಿಡುವುದಿಲ್ಲ. ಒಮ್ಮೆ ಕೂದಲಿಗೆ ಸುರುಳಿ ಸಿಕ್ಕಿಸಿಕೊಂಡು ಕೂತಿದ್ದವಳನ್ನು ಒಬ್ಬ ಜರ್ಮನಿಯವನು ಮೊಣಕಾಲೂರಿ ಫೋಟೋ ತೆಗೆದುಕೊಂಡು ಹೋದ. ಅವನ ಮನೆ ಗೋಡೆಯ ಮೇಲೆ ನಾನು ಯಾವ ಅವತಾರದಲ್ಲಿ ನೇತಾಡುತ್ತಿದ್ದೇನೋ ದೇವರೇ ಬಲ್ಲ.

ಇಷ್ಟೆಲ್ಲ ನೋಡಿದವರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ನನ್ನ ಎದುರು ಮನೆಯ ಮುಂದೆ. ಎನಿಲ್ಸಾಳ ಮನೆ. ನೀಲಿ ಬಣ್ಣದ ದೊಡ್ಡ ಬಾಗಿಲು, ಅದರ ಮೇಲೆ ಕಂಚಿನ ಉಡ. ಉಡದ ಬಾಲ ಹಿಡಿದೆತ್ತಿ ಬಿಟ್ಟರೆ ಬಾಗಿಲು ತಟ್ಟಿದ ಸದ್ದು ಬೀದಿಗೆಲ್ಲ ಕೇಳುತ್ತದೆ. ಉಡ ಇರುವ ಬಾಗಿಲು ಅಂದರೆ ರಾಜಮನೆತನದವರದು ಎಂದು ಗೈಡ್‌ಗಳು ಹೇಳುತ್ತಿದ್ದರು. ಒಬ್ಬ ಗೈಡ್ ಅಂತೂ ಸ್ಪೇನಿನ ರಾಜನ ಭಾವಮೈದುನನನ್ನೇ ಆ ಮನೆಯಲ್ಲಿ ಇರಿಸಿಬಿಟ್ಟಿದ್ದ. ನಿಜ ಏನೆಂದರೆ ಎನಿಲ್ಸಾಳ ಗಂಡ ಗಾರೆ ಕೆಲಸದವನು. ಯಾವುದೋ ಹಳೇ ಮನೆ ಕೆಡವುವಾಗ ಮಣ್ಣಿನಲ್ಲಿ ಸಿಕ್ಕ ಉಡವನ್ನು ಅಂಗಿಯಲ್ಲಿ ಸುತ್ತಿಕೊಂಡು ತಂದು ಬಾಗಿಲಿಗೆ ಬಡಿದ. ರಾಜಮನೆತನದವರು ಹಿತ್ತಲಲ್ಲಿ ಉಪ್ಪುಮೀನು ಒಣಹಾಕುತ್ತಿದ್ದರು ಅಂತ ಯಾವ ಗೈಡೂ ಹೇಳಲಿಲ್ಲ.

ಆ ಗಂಡ ಬೇಗ ತೀರಿಕೊಂಡ. ಎನಿಲ್ಸಾಳಿಗೆ ಉಳಿದದ್ದು ಮಗಳು ಯೂರಾನಿಸ್, ಮಗ ದಾಗೋ. ದಾಗೋನನ್ನು ಚರ್ಚಿನಲ್ಲಿ ತಲೆಗೆ ನೀರು ಹಾಕಿಸಿ ಹೆಸರಿಡುವಾಗ ದೇವರ ಮುಂದೆ ಎರಡನೇ ತಾಯಿಯಾಗಿ ಎತ್ತಿಕೊಂಡಿದ್ದವಳು ನಾನು. ಅವತ್ತಿನಿಂದ ನಾನೂ ಎನಿಲ್ಸಾಳೂ ಒಬ್ಬರಿಗೊಬ್ಬರು ಕೊಮಾದ್ರೆ. ನಮ್ಮಲ್ಲಿ ಅದು ಒಡಹುಟ್ಟಿಗಿಂತ ಒಂದು ಕೈ ಮೇಲು, ಏಕೆಂದರೆ ಒಡಹುಟ್ಟಿದವರ ಜೊತೆ ಜಗಳ ಆಡಬಹುದು, ಕೊಮಾದ್ರೆಯ ಜೊತೆ ಆಡುವ ಹಾಗಿಲ್ಲ.

ಅಷ್ಟು ಎತ್ತರಕ್ಕೆ ಕೈ ಎಟುಕಿದ ದಿನದಿಂದ ದಾಗೋ ಆ ಉಡವನ್ನು ಬಡಿಯುತ್ತಿದ್ದದ್ದು ಒಂದೇ ರೀತಿ. ಟಕ್ಕಟಕ್ಕೆಂದು ಎರಡು, ಆಮೇಲೆ ಉಸಿರು ಹಿಡಿದಷ್ಟು ಹೊತ್ತು ಸುಮ್ಮನೆ, ಆಮೇಲೆ ಒಂದು. ಮಧ್ಯಾಹ್ನ ಗಾಳಿಗೆಂದು ಬಾಗಿಲು ಹಾರು ಹೊಡೆದಿಟ್ಟಿದ್ದರೂ ಬಡಿಯದೆ ಒಳಗೆ ಕಾಲಿಡುತ್ತಿರಲಿಲ್ಲ. "ಬಾಗಿಲು ತೆಗೆದೇ ಇದೆಯಲ್ಲೋ, ಕಣ್ಣು ಕಾಣ್ಸಲ್ವಾ?" ಎಂದು ಎನಿಲ್ಸಾ ಒಳಗಿನಿಂದ ಬೈಯುತ್ತಿದ್ದಳು. ಬೈಯುತ್ತಲೇ ಎದ್ದು ಬಾಗಿಲಿಗೆ ಬರುತ್ತಿದ್ದಳು. ಅವನಿಗೆ ಬೇಕಾಗಿದ್ದದ್ದೂ ಅದೇ.

ದೊಡ್ಡವನಾದ ಮೇಲೆ ದಾಗೋ ಪನಾಮಾ ಕಡೆಯ ದ್ವೀಪಗಳಿಗೆ ಅಕ್ಕಿ, ಸಕ್ಕರೆ ಒಯ್ದು ತೆಂಗಿನಕಾಯಿ ತರುವ ದೋಣಿಯಲ್ಲಿ ಕೆಲಸಕ್ಕೆ ಸೇರಿದ. ಜನವರಿಯ ಗಾಳಿಯಲ್ಲಿ ಹೊರಟ ದೋಣಿ ದ್ವೀಪವನ್ನೂ ಮುಟ್ಟಲಿಲ್ಲ, ಹಿಂದಕ್ಕೂ ಬರಲಿಲ್ಲ. ಒಂದು ಹಲಗೆ ಕೂಡ ಸಿಗಲಿಲ್ಲ. ದೋಣಿಯಲ್ಲಿದ್ದ ಮಿಕ್ಕವರ ಮನೆಯವರು ಕೆಲವು ತಿಂಗಳು ಕಾದು ಒಂಬತ್ತು ರಾತ್ರಿ ಮಾಡಿ ಮುಗಿಸಿದರು. ಮೇಜಿಗೆ ಬಿಳಿ ಬಟ್ಟೆ ಹಾಸಿ, ಫೋಟೋ ಇಟ್ಟು, ಮೇಣದ ಬತ್ತಿ ಹಚ್ಚಿ, ಬೀದಿಯವರೆಲ್ಲ ಸೇರಿ ಪ್ರಾರ್ಥನೆ ಮಾಡುವುದು. ಕೊನೆಯ ರಾತ್ರಿ ಅದನ್ನೆಲ್ಲ ತೆಗೆದರೆ ಸತ್ತವರು ಮನೆ ಬಿಟ್ಟು ಹೋದರು ಎಂದು ಅರ್ಥ. ಎನಿಲ್ಸಾ ಮಾತ್ರ ಒಪ್ಪಲಿಲ್ಲ.

"ಅಮ್ಮ, ಅವನ ಆತ್ಮ ಎಲ್ಲಿ ಅಲೀತಿದೆಯೋ ಏನೋ. ಒಂಬತ್ತು ರಾತ್ರಿ ಮಾಡಿದ್ರೆ ಅವನಿಗೂ ನೆಮ್ಮದಿ, ನಮಗೂ ನೆಮ್ಮದಿ" ಎಂದು ಯೂರಾನಿಸ್ ವರ್ಷ ವರ್ಷವೂ ಹೇಳಿದಳು.

"ಸತ್ತಿದ್ದು ಯಾರು?" ಎನ್ನುತ್ತಿದ್ದಳು ಎನಿಲ್ಸಾ. "ಯಾರಾದ್ರೂ ನೋಡಿದ್ರಾ? ನನ್ನ ಮಗ ಬಂದು ಬಾಗಿಲು ಬಡಿದಾಗ ಏನಂತ ಹೇಳ್ತೀಯ ಅವನಿಗೆ? ನಿಂಗೆ ಕಾಫಿ ಇಲ್ಲಪ್ಪ, ನಿನ್ನ ಸಾವಿಗೆ ಬಂದವರೆಲ್ಲ ಕುಡಿದುಬಿಟ್ರು ಅಂತಾನಾ?"

 

ವಿಲ್ಫ್ರಾನ್ ಇದೇ ಬೀದಿಯಲ್ಲಿ ಬೆಳೆದವನು, ದಾಗೋನ ಜೊತೆಯೇ ಚಡ್ಡಿ ಹಾಕಿ ಓಡಾಡಿದವನು. ಈಗ ಹಳದಿ ಟೋಪಿ ಹಾಕಿಕೊಂಡು ಪ್ರವಾಸಿಗರನ್ನು ಕರೆದುಕೊಂಡು ತಿರುಗುವ ಗೈಡ್. ಬಾಯಿ ಬಡಾಯಿ ಜಾಸ್ತಿ, ಮನಸ್ಸು ಒಳ್ಳೆಯದು. ಒಂದು ಬೆಳಗ್ಗೆ ಒಂದು ಗುಂಪನ್ನು ಉಡದ ಮುಂದೆ ನಿಲ್ಲಿಸಿ ಯಾವತ್ತಿನ ರಾಜನ ಕಥೆ ಹೇಳಿದ. ಆ ಕಥೆ ಅವನಿಗೇ ಬೇಸರವಾಗಿತ್ತೋ ಏನೋ, ಕೊನೆಗೆ ಒಂದು ಹೊಸ ಬಾಲ ಜೋಡಿಸಿದ. "ಈ ಉಡವನ್ನ ಸರಿಯಾಗಿ ಬಡಿದವರು ಕಾರ್ತಹೇನಾಕ್ಕೆ ಮತ್ತೆ ಬಂದೇ ಬರ್ತಾರೆ. ನೋಡಿ, ಹೀಗೆ" ಎಂದು ತಾನೇ ಬಡಿದು ತೋರಿಸಿದ. ಎರಡು. ಆಮೇಲೆ ಸುಮ್ಮನೆ. ಆಮೇಲೆ ಒಂದು.

ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದಿದ್ದ ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ನನಗೇ ತಿಳಿಯದು. ಎದುರು ಬಾಗಿಲು ದಡಾರನೆ ತೆರೆಯಿತು. ಎನಿಲ್ಸಾಳ ಕೂದಲು ಬಿಚ್ಚಿತ್ತು, ಒಂದು ಕಾಲಿಗೆ ಮಾತ್ರ ಚಪ್ಪಲಿ ಇತ್ತು. ಅವಳ ಆ ಮುಖವನ್ನು ನಾನು ಯಾರಿಗೂ ವರ್ಣಿಸಲಾರೆ. ವಿಲ್ಫ್ರಾನ್ ಅಷ್ಟರಲ್ಲಿ ಮುಂದಿನ ಮನೆಯ ಬಾಲ್ಕನಿ ತೋರಿಸಲು ಹೋಗಿದ್ದ. ಅವನನ್ನು ನೋಡಿ ತಾನೂ ಬಡಿಯೋಣವೆಂದು ನಿಂತಿದ್ದ ಒಬ್ಬ ಕೆಂಪು ಮೂಗಿನ ಹುಡುಗಿ, ಕೈಯಲ್ಲಿ ಫೋನ್ ಹಿಡಿದು, ಹೆದರಿ ಹಿಂದಕ್ಕೆ ಸರಿದಳು. ಎನಿಲ್ಸಾ ಅವಳನ್ನು ನೋಡಿದಳು, ಅವಳ ಹಿಂದೆ ನೋಡಿದಳು, ಬೀದಿಯ ಎರಡೂ ತುದಿ ನೋಡಿದಳು. "ನಮಸ್ಕಾರಮ್ಮ" ಎಂದಳು. ಮೆಲ್ಲಗೆ ಬಾಗಿಲು ಹಾಕಿಕೊಂಡಳು.

ಅಲ್ಲಿಂದ ಶುರುವಾಯಿತು. ಒಬ್ಬ ಗೈಡ್ ಮಾಡಿದ್ದನ್ನು ಹತ್ತು ಗೈಡ್‌ಗಳು ಮಾಡದೆ ಬಿಡುತ್ತಾರೆಯೇ? ವಾರ ಕಳೆಯುವುದರೊಳಗೆ ಇಡೀ ಊರಿಗೆ ಅದು ಶತಮಾನಗಳ ಪದ್ಧತಿಯಾಗಿತ್ತು. ಹಡಗಿನಲ್ಲಿ ಬಂದವರು, ಹೋಟೆಲಿನಲ್ಲಿ ಇಳಿದವರು, ಮದುವೆಯಾಗಿ ಬಂದ ಜೋಡಿಗಳು, ಎಲ್ಲರೂ ಸಾಲಾಗಿ ನಿಂತು ನನ್ನ ದಾಗೋನ ಹಾಗೆ ಬಾಗಿಲು ಬಡಿದರು. ಪ್ರತಿ ಸಲವೂ ಎನಿಲ್ಸಾ ಎದ್ದು ಬಂದಳು. ಒಲೆಯ ಮೇಲಿನ ಅನ್ನ ಇಳಿಸಿ ಬಂದಳು, ಸೋಪಿನ ಕೈಯಲ್ಲೇ ಬಂದಳು. ಯೂರಾನಿಸ್ ಎದ್ದರೆ, "ನೀನು ಕೂತ್ಕೋ, ನಾನೇ ತೆಗೀತೀನಿ" ಎಂದು ತಡೆದಳು. ಸ್ವಲ್ಪ ದಿನಕ್ಕೆ ಬೆಳಗ್ಗೆಯೇ ತಲೆ ಬಾಚಿ, ಪೌಡರ್ ಹಚ್ಚಿ, ಭಾನುವಾರದ ಹೂವಿನ ಗೌನು ತೊಟ್ಟು ತೂಗುಕುರ್ಚಿಯಲ್ಲಿ ಕೂತಿರತೊಡಗಿದಳು.

ನೋಡಿದವರ ಕರುಳು ಹಿಂಡುತ್ತಿತ್ತು. ಮುದುಕಿಗೆ ಬುದ್ಧಿ ಕೆಡುತ್ತಿದೆ ಎಂದಿತು ಬೀದಿ. ಬೀದಿಗೆ ಏನು, ಬಾಯಿ ಇದೆ, ಅನ್ನುತ್ತದೆ.

ಯೂರಾನಿಸ್‌ಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ನನ್ನನ್ನೂ ಎಳೆದುಕೊಂಡು ಚೌಕಕ್ಕೆ ಹೋದಳು. ವಿಲ್ಫ್ರಾನ್ ತನ್ನ ಗುಂಪಿನ ಮಧ್ಯೆ ನಿಂತು ನಗಿಸುತ್ತಿದ್ದ.

"ನಿಲ್ಸೋ ನಿನ್ನ ನಾಟಕಾನ" ಎಂದಳು. "ಆ ಬಡಿತ ಯಾರದು?"

"ಯಾವ ಬಡಿತ?"

"ನಮ್ಮಮ್ಮನ ಬಾಗಿಲಿಗೆ ಬಡಿಸ್ತಿದ್ದೀಯಲ್ಲ, ದಿನಕ್ಕೆ ನೂರು ಸಲ. ಯಾರದು ಹೇಳು."

ವಿಲ್ಫ್ರಾನ್ ನಗುತ್ತಲೇ ಗಾಳಿಯಲ್ಲಿ ಕೈಯೆತ್ತಿ ಎರಡು ಬಡಿದ, ನಿಲ್ಲಿಸಿದ. ಮೂರನೆಯದಕ್ಕೆ ಕೈ ಏಳಲಿಲ್ಲ.

"ದೇವರಾಣೆ ನಂಗೆ ಗೊತ್ತಾಗ್ಲಿಲ್ಲ" ಎಂದು ನನ್ನ ಕಡೆ ತಿರುಗಿದ. "ತೊಮಾಸಾ ಚಿಕ್ಕಮ್ಮ, ನೀವಾದ್ರೂ ನಂಬಿ. ಕೈಗೆ ಬಂತು, ಬಡಿದೆ. ಅದು ಅವನದು ಅಂತ... ನಾನು, ನಾನೂ ಮರೆತುಬಿಟ್ಟಿದ್ದೆ."

ಚರ್ಚಿನ ಮೆಟ್ಟಿಲ ಮೇಲೆ ಕೂತು ಟೋಪಿಯಲ್ಲಿ ಮುಖ ಮುಚ್ಚಿಕೊಂಡ. ಅಷ್ಟು ಉದ್ದದ ಗಂಡಸು ಹಾಗೆ ಬಿಕ್ಕುವುದನ್ನು ನೋಡಿ ನನಗೆ ಬೈಗುಳವೇ ಹೊರಡಲಿಲ್ಲ. ಇದೂ ತಾವು ಕೊಟ್ಟ ಟಿಕೆಟ್ಟಿಗೆ ಸೇರಿದ್ದೆಂದು ತಿಳಿದು ಗುಂಪಿನವನೊಬ್ಬ ಫೋಟೋ ತೆಗೆದ. ಅವನಿಗೆ ಹೋಯಿತು ನನ್ನ ಬೈಗುಳವೆಲ್ಲ.

ಆ ಸಂಜೆಯೇ ವಿಲ್ಫ್ರಾನ್ ಎಲ್ಲ ಗೈಡ್‌ಗಳ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡ. ಅವರೂ ಈ ನೆಲದವರೇ, ತಾಯಂದಿರಿದ್ದವರೇ. ಗುಂಪುಗಳು ಪಕ್ಕದ ಬೀದಿಯಿಂದ ಹೋಗತೊಡಗಿದವು. ಯೂರಾನಿಸ್ ಅಷ್ಟಕ್ಕೇ ಬಿಡದೆ ಉಡವನ್ನು ಬಿಚ್ಚಿ ಬೀರುವಿನಲ್ಲಿ ಹಾಕಿ ಬೀಗ ಜಡಿದಳು. ಬಾಗಿಲಿನ ಮೇಲೆ ಉಡದ ಆಕಾರದಲ್ಲಿ ಬಣ್ಣ ಮಾಸದ ನೀಲಿ ಉಳಿಯಿತು. ಒಳ್ಳೆಯ ಕೆಲಸವಾಯಿತು ಎಂದು ಬೀದಿಯೆಲ್ಲ ಹೇಳಿತು. ಮಗಳು ತನ್ನ ಒಳ್ಳೆಯದಕ್ಕೇ ಮಾಡಿದ್ದೆಂದು ಎನಿಲ್ಸಾಳಿಗೆ ಗೊತ್ತಿತ್ತು, ಅದಕ್ಕೆ ಬೈಯಲಿಲ್ಲ.

ಮೊದಲ ಕೆಲವು ದಿನ ಹೂವಿನ ಗೌನಿನಲ್ಲೇ ಕೂತಿದ್ದಳು. ಆಮೇಲೆ ಅದು ಹೋಯಿತು, ಪೌಡರೂ ಹೋಯಿತು. ಸಂಜೆ ನಾವು ಕುರ್ಚಿಗಳನ್ನು ಬೀದಿಗೆ ತಂದು ಹರಟೆಗೆ ಕೂತರೆ ಅವಳು ಹೊರಗೆ ಬರಲಿಲ್ಲ. ಕರೆದರೆ, "ಕಾಲು ನೋವು" ಎಂದಳು. ದಿನವಿಡೀ ಬಾಗಿಲಿಗೆ ಓಡಿದ ಕಾಲಿಗೆ ಆಗ ಇಲ್ಲದ ನೋವು ಈಗ ಎಲ್ಲಿಂದ ಬಂತು? ಯೂರಾನಿಸ್ ಮಾಡಿದ ಮೀನಿನ ಸಾರು ತಟ್ಟೆಯಲ್ಲೇ ಆರಿಹೋಗುತ್ತಿತ್ತು.

ಒಂದು ಬೆಳಗ್ಗೆ ಹೋಗಿ ಅವಳ ಪಕ್ಕ ಕೂತು ಮುಖಕ್ಕೆ ಮುಖ ಕೊಟ್ಟು ಕೇಳಿದೆ. "ಏನಾಯ್ತು ಕೊಮಾದ್ರೆ? ಆ ಜನರ ಕಾಟ ತಪ್ಪಿದ್ದು ಒಳ್ಳೇದೇ ಆಯ್ತಲ್ಲ."

"ನಂಗೆ ಅವರು ಹೊರದೇಶದ ಗ್ರಿಂಗೋಗಳು ಅಂತ ಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ?" ಎಂದಳು. "ನಂಗೇನು ಹುಚ್ಚಾ?"

"ಮತ್ಯಾಕೆ ಓಡ್ತಿದ್ದೆ?"

ಕುರ್ಚಿಯಿಂದ ಬಾಗಿಲಿನವರೆಗಿನ ನೆಲವನ್ನು ನೋಡುತ್ತ ಕೂತಳು. ಕೆಂಪು ಹೆಂಚಿನ ನೆಲ, ನಡುವೆ ಸವೆದು ಮಸುಕಾಗಿತ್ತು.

"ಬಡಿತ ಕೇಳ್ತಿತ್ತು. ಇಲ್ಲಿಂದ ಏಳ್ತಿದ್ದೆ. ಬಾಗಿಲು ತೆಗೆಯೋವರೆಗೂ ಅವನೇ, ಕೊಮಾದ್ರೆ. ಇಲ್ಲಿಂದ ಅಲ್ಲೀವರೆಗೆ ನನ್ನ ಮಗ ಬದುಕಿರ್ತಿದ್ದ. ತೆಗೆದಾಗ ಹೋಗ್ತಿದ್ದ, ನಿಜ. ಆದ್ರೆ ಸ್ವಲ್ಪ ಹೊತ್ತಿಗೆ ಮತ್ತೆ ಬರ್ತಿದ್ದ. ಅವರಿಗೆ ಏನೂ ಗೊತ್ತಿರ್ಲಿಲ್ಲ ನೋಡು. ಸುಮ್ನೆ ಬಡೀತಿದ್ರು. ಅದಕ್ಕೇ ಅವನಾಗ್ತಿದ್ದ."

ನಾನು ಮನೆಗೆ ಬಂದು ತುಂಬ ಹೊತ್ತು ಅತ್ತೆ. ದಾಗೋನಿಗಾಗಿ ಅಷ್ಟು ಅತ್ತದ್ದು ಅದೇ ಮೊದಲು.

ಯೂರಾನಿಸ್‌ಗೆ ಹೇಳಿದಾಗ ಅವಳು ತಲೆ ತಲೆ ಚಚ್ಚಿಕೊಂಡಳು. ಅದೇ ದಿನ ಉಡವನ್ನು ತಂದು ಅದರ ಜಾಗದಲ್ಲೇ ಕೂರಿಸಿದಳು. ನಾನು ವಿಲ್ಫ್ರಾನ್‌ನ ಬೆನ್ನು ಬಿದ್ದೆ.

"ಕರ್ಕೊಂಡು ಬಾರೋ ನಿನ್ನ ಜನಾನ. ಆ ಸುಳ್ಳನ್ನ ಇನ್ನೊಂದು ಸಲ ಹೇಳು, ನಿನ್ನ ಪಾಪ ನಾನು ಹೊರ್ತೀನಿ."

ಬಂದ, ಪಾಪ. ಗುಂಪು ನಿಲ್ಲಿಸಿದ. ರಾಜನ ಕಥೆ ಹೇಳಿದ. "ಈ ಉಡವನ್ನ ಸರಿಯಾಗಿ ಬಡಿದವರು" ಎನ್ನುವವರೆಗೆ ಬಂದು, ಉಡದ ಕಡೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಜನ ಕಾದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರ್ಯ ಕೆಟ್ಟಿತೆಂದು ಅವರನ್ನು ಕೊಡೆಗಳ ಓಣಿಗೆ ನಡೆಸಿಕೊಂಡು ಹೋದ. ಮಿಕ್ಕ ಗೈಡ್‌ಗಳಂತೂ ಆ ಬಾಗಿಲ ಮುಂದೆ ಟೋಪಿ ತೆಗೆದು ಹಾದುಹೋಗುತ್ತಿದ್ದರು. ಅಷ್ಟು ಮರ್ಯಾದೆ ನಮಗೆ ಬೇಕಾಗಿರಲಿಲ್ಲ.

ಕೊನೆಗೆ ನಾನೇ ಬಡಿಯುವುದೆಂದು ನಿಶ್ಚಯಿಸಿದೆ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವಳು ನನ್ನ ಮನೆಗೆ ಹೋಗದೆ ನೇರ ಆ ಬಾಗಿಲಿಗೆ ಹೋದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಉಡದ ಬಾಲ ಬಿಸಿಲಿಗೆ ಕಾದಿತ್ತು. ಎರಡು ಬಡಿದೆ. ಉಸಿರು ಹಿಡಿದೆ. ಒಂದು ಬಡಿದೆ.

ಕಿವಿಗೊಟ್ಟು ನಿಂತೆ. ಕುರ್ಚಿ ಕಿರುಗುಟ್ಟುವ ಸದ್ದಿಗೆ, ಚಪ್ಪಲಿಯ ಸದ್ದಿಗೆ ಕಾದೆ. ಓಡಿಹೋಗಿ ಮೂಲೆಯಲ್ಲಿ ಅವಿತುಕೊಳ್ಳಬೇಕೆಂದು ಮೊದಲೇ ಯೋಚಿಸಿದ್ದೆ, ಆದರೆ ಅಲ್ಲೇ ಉಳಿದೆ.

"ಬಾಗಿಲು ತೆಗೆದೇ ಇದೆ ಕೊಮಾದ್ರೆ" ಎಂದಳು ಎನಿಲ್ಸಾ ಒಳಗಿನಿಂದ. "ಬಾ."

ತಳ್ಳಿದೆ. ಚಿಲಕ ಹಾಕಿರಲಿಲ್ಲ. ಅವಳು ಕುರ್ಚಿಯಲ್ಲಿರಲಿಲ್ಲ, ಊಟದ ಮೇಜನ್ನು ಗೋಡೆಗೆ ಒತ್ತರಿಸಿ ಅದರ ಮುಂದೆ ನಿಂತಿದ್ದಳು. ಮಡಿಕೆ ಬಿಚ್ಚಿದ ಬಿಳಿ ಬಟ್ಟೆ ಕೈಯಲ್ಲಿತ್ತು. ದಾಗೋನ ಫೋಟೋ ಗೋಡೆಯಿಂದ ಇಳಿದು ಕುರ್ಚಿಯ ಮೇಲೆ ಕೂತಿತ್ತು.

"ನಾನೂಂತ ಹೇಗೆ ಗೊತ್ತಾಯ್ತು?" ಎಂದೆ.

"ಕೊನೇದನ್ನ ನೀನು ಅಳ್ತಾ ಬಡಿದೆ."

ನನ್ನ ಮುಖ ನೋಡದೆ ಬಟ್ಟೆಯ ಒಂದು ಅಂಚನ್ನು ನನ್ನ ಕಡೆ ಚಾಚಿದಳು.

"ಹಿಡ್ಕೋ. ನೆಟ್ಟಗೆ ಹಾಸೋಣ, ಒಂಬತ್ತು ರಾತ್ರಿ ಇರ್ಬೇಕಲ್ಲ."

ಹಿಡಿದೆ.