ಬಿತ್ತನೆ ಬಟಾಣಿ

"ಇದನ್ನೆಲ್ಲ ಕಿತ್ತಿದ್ದು ಯಾರು?"

ಕೃಷಿ ಇಲಾಖೆಯ ಹೆಂಗಸು ಹೀಗೆ ಕೇಳಿದಾಗ ತಂಗಿಗೆ ಅದು ಹೊಗಳಿಕೆಯಂತೆಯೇ ಅನ್ನಿಸಿತು. ಕಿತ್ತ ಕಳೆ ಬದುವಿನ ಮೇಲೆ ರಾಶಿ ಬಿದ್ದಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. "ನಾನೇ," ಎಂದಳು, ಪಕ್ಕದಲ್ಲಿದ್ದ ಅಣ್ಣನ ಕಡೆ ನಕ್ಕು.

ಅಣ್ಣ ನಗಲಿಲ್ಲ.

ಹೊಲ ಅಣ್ಣನ ಹೆಸರಿನಲ್ಲಿದ್ದರೂ ಅಪ್ಪ ಹೋದ ಮೇಲೆ ಉತ್ತು ಬಿತ್ತಿದವಳು ಅವಳೇ. ಈ ಸಲ ಅಣ್ಣ ಬಂದು, "ಮಣ್ಣಿಗೆ ಸುಸ್ತಾಗಿದೆ ಕಣೇ ಇರುವೆ. ಒಂದು ಬೆಳೆ ಬಿಟ್ಟುಬಿಡು, ಮುಂದಿನ ಸಲ ಬಿತ್ತುವಂತೆ," ಎಂದಿದ್ದ. ಚಿಕ್ಕಂದಿನಿಂದ ಕೂತಲ್ಲಿ ಕೂರದ ತಂಗಿಗೆ ಇರುವೆ ಎಂದು ಹೆಸರಿಟ್ಟವನೂ ಅವನೇ. ಅವಳು ಬಿತ್ತದೆ ಬೀಳು ಬಿಟ್ಟಳು. ಆದರೆ ಕಳೆ ಮೊಣಕಾಲುದ್ದ ಬಂದಾಗ ಕೈ ಕೇಳಬೇಕಲ್ಲ. ಅಣ್ಣನಿಗೂ ಖುಷಿಯಾಗಲಿ ಎಂದು ಅರ್ಧ ಹೊಲ ಕಿತ್ತು ಹಸನು ಮಾಡಿದ್ದಳು.

"ಇದು ಕಳೆ ಅಲ್ಲಮ್ಮ," ಎಂದಳು ಇಲಾಖೆಯವಳು. "ಹಕ್ಕಿಗಳು ಗೂಡು ಕಟ್ಟಲಿ ಅಂತ ಬಿಟ್ಟಿರೋದು. ಹತ್ತು ವರ್ಷ ಉಳಲ್ಲ, ಬಿತ್ತಲ್ಲ ಅಂತ ಇವರು ಒಪ್ಪಿದ್ದಾರೆ. ಸರ್ಕಾರ ಸಹಾಯಧನ ಕೊಡೋದೇ ಅದಕ್ಕೆ." ಆಮೇಲೆ ಅಣ್ಣನತ್ತ ತಿರುಗಿದಳು. "ಇಲ್ಲಿ ಬೇರೆಯವರು ಯಾರಾದ್ರೂ ಬೆಳೀತಿದ್ರಾ? ಹಾಗಿದ್ರೆ ಅವರ ಒಪ್ಪಿಗೆನೂ ಬೇಕಿತ್ತು."

"ಯಾರೂ ಇಲ್ಲ ಮೇಡಂ. ಇವಳು ಕೂಲಿಯವಳು. ಗೊತ್ತಿಲ್ದೆ ಕಿತ್ತುಬಿಟ್ಟಿದ್ದಾಳೆ."

ಇಬ್ಬರದೂ ಅಪ್ಪನ ಮೂಗು, ನಡುವೆ ಡುಬ್ಬವಿದ್ದದ್ದು. ಇಲಾಖೆಯವಳು ಒಂದು ಮೂಗಿನಿಂದ ಇನ್ನೊಂದಕ್ಕೆ ನೋಡಿದಳು. "ಹೌದೇನಮ್ಮ?"

ಅಣ್ಣ ಚಪ್ಪಲಿಯ ಮಣ್ಣನ್ನು ಕಲ್ಲಿಗೆ ಉಜ್ಜುತ್ತಿದ್ದ.

"ಹೌದು," ಎಂದಳು ತಂಗಿ. "ಗೊತ್ತಿರಲಿಲ್ಲ."

ಇಲಾಖೆಯ ಜೀಪು ತಿರುವು ದಾಟಿದ ಮೇಲೆ ಅಣ್ಣ ಗಂಟಲು ಸರಿಮಾಡಿಕೊಂಡ. "ಇವತ್ತು ನಾಳೆ ಹೇಳೋಣ ಅಂತಲೇ ಇದ್ದೆ ಕಣೇ."

"ಅವಸರವೇನಿತ್ತು? ಇನ್ನೂ ಹತ್ತು ವರ್ಷ ಇತ್ತಲ್ಲ."

ಮನೆಯಲ್ಲಿ ಅಮ್ಮ ಕಿಟಕಿಯ ಬೆಳಕಿಗೆ ಮೇಜೆಳೆದುಕೊಂಡು ಬಿತ್ತನೆಗಿಟ್ಟ ಬಟಾಣಿ ಆರಿಸುತ್ತಿದ್ದಳು. ಗಟ್ಟಿ ಕಾಳು ಒಂದು ಕಡೆ, ಸೀಳಿದ್ದು ಇನ್ನೊಂದು ಕಡೆ. ಮನೆಯಲ್ಲಿ ಏನಿಲ್ಲದಿದ್ದರೂ ಆ ಬಿತ್ತನೆ ಕಾಳಿನ ಡಬ್ಬಕ್ಕೆ ಮಾತ್ರ ಯಾರೂ ಕೈ ಹಾಕಿದವರಲ್ಲ. ಈ ಸಲ ಬಿತ್ತುವುದು ತಪ್ಪಿತೆಂದು ತಾಯಿ ಮಗಳು ಸೇರಿ ಹುಳ ಬೀಳದಂತೆ ಅದನ್ನು ಮತ್ತೆ ಮತ್ತೆ ಒಣಗಿಸಿ ಕಾಪಾಡಿದ್ದರು.

"ಹೊಲ ಇನ್ನು ಹತ್ತು ವರ್ಷ ಬಿತ್ತೋ ಹಾಗಿಲ್ಲವಂತಮ್ಮ."

ಅಮ್ಮ ಯಾಕೆಂದು ಕೇಳಲಿಲ್ಲ. ಬೆರಳು ಒಂದು ಕಾಳಿನ ಮೇಲೆ ನಿಂತಿತು. "ಅವನೇ ಹೇಳ್ತೀನಿ ಅಂದಿದ್ದ," ಎಂದಳು, ತಲೆ ಎತ್ತದೆ.

ತಂಗಿ ಅಮ್ಮನ ಕೈಗಳನ್ನು ನೋಡುತ್ತ ನಿಂತಳು. ಆಮೇಲೆ ಒಲೆ ಹಚ್ಚಿ ನೀರಿಟ್ಟಳು. ಮೇಜಿನ ಹತ್ತಿರ ಬಂದು ಎರಡೂ ಗುಡ್ಡೆಗಳನ್ನು ಅಂಗೈಯಿಂದ ಒಟ್ಟಿಗೆ ಎಳೆದು ಪಾತ್ರೆಗೆ ಸುರಿದುಕೊಂಡಳು. ಒಂದು ಕಾಳು ಉರುಳಿ ಕೆಳಗೆ ಬಿತ್ತು. ಬಗ್ಗಿ ಅದನ್ನೂ ಹೆಕ್ಕಿ, ಊದಿ, ಕುದಿಯುವ ನೀರಿಗೆ ಹಾಕಿದಳು.

"ಉಪ್ಪು ಈಗಲೇ ಹಾಕಬೇಡ," ಎಂದಳು ಅಮ್ಮ. "ಬೇಯಲ್ಲ."