ವೆಂಕೋಬನ ಲೀನಿಯರ್

ಮುನಿರಾಬಾದಿನ ವೆಂಕೋಬನಿಗೆ ತನ್ನ ಲೀನಿಯರ್ ಆಂಪ್ಲಿಫೈಯರ್ ಎಂದರೆ ಪಂಚಪ್ರಾಣ. ಅರವತ್ತು ವರ್ಷ ಹಳೆಯ ಆ ವಾಲ್ವಿನ ಪೆಟ್ಟಿಗೆಯನ್ನು ಹವ್ಯಾಸಿಗಳು ದೂರದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋಗೆ ಜೋಡಿಸಿದರೆ ಅವನ ಸಣ್ಣ ದನಿಗೆ ಜಪಾನಿನವರೂ ಓಗೊಡುತ್ತಿದ್ದರು. ವೈರ್‌ಲೆಸ್ ಆಪರೇಟರ್ ಆಗಿ ನಿವೃತ್ತನಾದವನು. ಈ ಹವ್ಯಾಸಕ್ಕೆ ಹೊಸದಾಗಿ ಬಂದ ಹ್ಯಾಮ್‌ಗಳಿಗೆ ಸುರಕ್ಷತೆಯ ಪಾಠ ಹೇಳುವುದೆಂದರೆ ಎಲ್ಲಿಲ್ಲದ ಹುರುಪು.

ಪೆಟ್ಟಿಗೆ ಗೊರಗೊರ ಅನ್ನತೊಡಗಿದಾಗ ಬಸ್ಸಿನಲ್ಲಿ ಹೊತ್ತುಕೊಂಡು ಯಲಬುರ್ಗಾದ ಕಾಸೀಮಸಾಬನ ಅಂಗಡಿಗೆ ತಂದ. ಮೋಟರ್ ವೈಂಡಿಂಗ್ ಇರಲಿ, ಹಳೇ ರೇಡಿಯೋ ಇರಲಿ, ಕಾಸೀಮನದು ಎತ್ತಿದ ಕೈ.

"ಒಳಗ ಕೈ ಹಾಕಾಕ ಏನರ ಅಂಜಿಕಿ ಐತೇನ್ರಿ ವೆಂಕೋಬಣ್ಣ?"

ಇತ್ತು. ಸ್ವಿಚ್ ಆರಿಸಿದ ಮೇಲೂ ಒಳಗೆ ಉಳಿಯುವ ಎರಡೂವರೆ ಸಾವಿರ ವೋಲ್ಟನ್ನು ಇಳಿಸುವ ರೆಸಿಸ್ಟರ್ ಸುಟ್ಟು ವರ್ಷವಾಗಿತ್ತು. ಮನೆಯಲ್ಲಿ ವೆಂಕೋಬ ಕೋಲಿಗೆ ಕಟ್ಟಿದ ತಂತಿ ತಾಗಿಸಿ ಅದನ್ನು ಇಳಿಸುತ್ತಿದ್ದ. ಊರಿಗೆಲ್ಲ ಪಾಠ ಹೇಳುವವನ ಪೆಟ್ಟಿಗೆಯೇ ಹೀಗೆಂದು ನಾಲ್ಕು ಗಿರಾಕಿಗಳೆದುರು ಹೇಗೆ ಹೇಳುವುದು?

"ಏನಿಲ್ಲ ಬಿಡೋ, ಎಲ್ಲಾ ನಾನ ನೋಡಿಕೊಂಡದ್ದು," ಎಂದುಬಿಟ್ಟ. ಒಣ ಜಂಬ, ಮತ್ತೇನಲ್ಲ.

ವಾಪಸು ಹೊರಟ ಬಸ್ಸು ಊರು ದಾಟುವಷ್ಟರಲ್ಲಿ ಕಾಸೀಮನ ಫೋನ್ ಬಂತು.

"ಹಾಕಿ ನೋಡಿದ್ನಿರಿ, ವಾಲ್ವ್ ಛಲೋ ಅದಾವ. ಅಷ್ಟರಾಗ ಕರೆಂಟ್ ಹೋತು. ಒಳ್ಳೇದ ಆತು, ಈಗ ಬಿಚ್ಚತೀನಿ."

"ತಡಿ ಕಾಸೀಮ..." ಅನ್ನುವುದರೊಳಗೆ ಕಟ್ಟಾಯಿತು.

ಆ ಸೀಮೆಯ ಮೆಕ್ಯಾನಿಕ್‌ಗಳಿಗೆಲ್ಲ ಅದೇ ರೂಢಿ. ಕರೆಂಟ್ ಹೋಯಿತೆಂದರೆ ನಿಶ್ಚಿಂತೆಯಿಂದ ಕೈ ಹಾಕುತ್ತಾರೆ. ವೆಂಕೋಬ ತಾನೇ ಫೋನ್ ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಜಪಾನಿನವರು ಸಿಗುತ್ತಿದ್ದರು, ಎರಡು ಮೈಲಿ ಆಚೆಯ ಕಾಸೀಮ ಸಿಗಲಿಲ್ಲ. ಬಸ್ಸು ನಿಲ್ಲಿಸಿ ಇಳಿದ, ಎದುರು ಬಂದ ಬೈಕಿಗೆ ಕೈ ಅಡ್ಡ ಹಾಕಿ ಹತ್ತಿದ. ದಾರಿಯುದ್ದಕ್ಕೂ ಫೋನ್ ಕಿವಿಗೇ ಇತ್ತು.

ಅಂಗಡಿ ಮುಂದೆ ಜನ ಸೇರಿದ್ದರು. ಫ್ಯಾನು ಇನ್ನೂ ನಿಂತೇ ಇತ್ತು. ಬೆಂಚಿನ ಮೇಲೆ ಮಲಗಿಸಿದ್ದ ಕಾಸೀಮನಿಗೆ ಉಸಿರಿರಲಿಲ್ಲ. ಅವನ ತೋರುಬೆರಳಿನ ತುದಿಯಲ್ಲಿ ಸುಟ್ಟ ಸಣ್ಣ ಗುರುತಿತ್ತು. ದಿನವೂ ಬೆಸುಗೆ ಹಾಕುವವನ ಕೈಯಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ವೆಂಕೋಬ ಮಾತ್ರ ನೋಡಿದ.

ಊಟದ ಡಬ್ಬಿ ತಂದಿದ್ದ ಕಾಸೀಮನ ಹೆಂಡತಿ ತಸ್ಲೀಮಾ ವೆಂಕೋಬನ ಕಡೆ ತಿರುಗಿದಳು.

"ಕರೆಂಟ್ ಸೈತ ಇರಲಿಲ್ಲರಿ ಅಣ್ಣಾರ. ನೀವು ತಿಳಿದಾವ್ರು, ಹೇಳ್ರಿ. ಏನಾತರಿ ಇವರಿಗೆ?"

ಎಲ್ಲರೂ ವೆಂಕೋಬನ ಮುಖ ನೋಡಿದರು. ನಿಜ ಹೇಳಬೇಕೆಂದೇ ಬಾಯಿ ತೆರೆದ.

"ಹಾರ್ಟ್ ಅಟ್ಯಾಕ್ ಇರಬೇಕವ್ವಾ," ಎಂದ.

ತಿಳಿದವರ ಮಾತು. ಎಲ್ಲರೂ ನಂಬಿದರು.