ಗೊಂಬೆ ಮೆಟ್ಟಿಲಾದ ಆಂಪ್ಲಿಫೈಯರ್

ನಾನು ಒಂದು ಆಂಪ್ಲಿಫೈಯರ್. ಮೆಲ್ಲಗೆ ಹೇಳಿದ್ದನ್ನು ಬೀದಿಗೆಲ್ಲ ಕೇಳಿಸುವುದು ನನ್ನ ಹುಟ್ಟುಗುಣ. ದೆಹಲಿಯ ಕಾರ್ಖಾನೆಯೊಂದರಲ್ಲಿ ಹುಟ್ಟಿ, ಮಂಡ್ಯದ ಆರ್ಕೆಸ್ಟ್ರಾದವರ ಜೊತೆ ಮದುವೆಮನೆಗಳನ್ನು ಸುತ್ತಿದೆ; ಬೆನ್ನ ಮೇಲೆ ಪಾಯಸವನ್ನೂ ಚೆಲ್ಲಿಸಿಕೊಂಡೆ. ಆಮೇಲೆ ಮೈಸೂರಿನ ಪ್ರದ್ಯುಮ್ನನ ಕೈಸೇರಿದೆ.

ಪ್ರದ್ಯುಮ್ನ ರಾಕ್ ಹಾಡುಗಾರ. ಕೈಯಲ್ಲಿ ಮೈಕ್ ಇದ್ದರೆ ಹುಲಿ. ಇಲ್ಲದಿದ್ದರೆ ತಾಯಿಯ ಹತ್ತಿರ ಇನ್ನೊಂದು ದೋಸೆ ಕೇಳಲೂ ಅಂಜುತ್ತಿದ್ದ. ಅವನ ತಂಡದಲ್ಲಿ ಡ್ರಮ್ಸ್ ಬಾರಿಸುವ ಮೆಲ್ವಿನ್ ಅವನ ಪ್ರೀತಿ. ಇದು ನನಗೆ ಗೊತ್ತಿತ್ತು, ತಾಯಿ ಸುಗುಣಮ್ಮನಿಗೆ ಗೊತ್ತಿರಲಿಲ್ಲ. ಅವರು ಭಾನುವಾರ ನಂಜನಗೂಡಿಗೆ ಹೆಣ್ಣು ನೋಡಲು ಹೋಗುವುದೆಂದು ನಿಶ್ಚಯಿಸಿದ್ದರು. ಅಷ್ಟರೊಳಗೆ ಹೇಳದಿದ್ದರೆ ಆ ಹುಡುಗಿಗೂ ಮೋಸವೆಂದು ಪ್ರದ್ಯುಮ್ನ ಒದ್ದಾಡುತ್ತಿದ್ದ.

ಆಗ ದಸರೆ. ಗೊಂಬೆ ಕೂರಿಸಲು ಒಂದು ಮೆಟ್ಟಿಲು ಕಡಿಮೆ ಬಿದ್ದು ಸುಗುಣಮ್ಮ ನನ್ನನ್ನೇ ಎಳೆದು, ಹಳೆಯ ರೇಷ್ಮೆ ಸೀರೆ ಹೊದಿಸಿದರು. ತಲೆಯ ಮೇಲೆ ಶೆಟ್ಟರ ಅಂಗಡಿಯ ಗೊಂಬೆಗಳು ತಕ್ಕಡಿ ಸಮೇತ ಬಂದು ಕೂತವು. ನನಗೆ ಸಿಕ್ಕಿಸಿದ್ದ ಮೈಕು ಮಾತ್ರ ಉದ್ದ ವೈರಿನ ಆ ತುದಿಯಲ್ಲಿ, ಪಕ್ಕದ ಕೋಣೆಯಲ್ಲೇ ಉಳಿಯಿತು. ಸಂಜೆ ಅರಿಸಿನ-ಕುಂಕುಮಕ್ಕೆ ಹೆಂಗಸರು ಬಂದಾಗ ಸುಗುಣಮ್ಮ ಸೀರಿಯಲ್ ಲೈಟಿನ ಸ್ವಿಚ್ ಒತ್ತಿದರು. ಅದೇ ಸ್ವಿಚ್ ಬಾಕ್ಸಿಗೆ ಪ್ಲಗ್ ಸೇರಿದ್ದ ನಾನೂ ಎಚ್ಚರಗೊಂಡೆ. ಕೋಣೆಯೊಳಗೆ ಪ್ರದ್ಯುಮ್ನ ಇದು ತಿಳಿಯದೆ, ಧೈರ್ಯಕ್ಕೆಂದು ಮೈಕ್ ಹಿಡಿದು ಅಭ್ಯಾಸ ಮಾಡುತ್ತಿದ್ದ.

"ಅಮ್ಮಾ, ನಂಗೆ ಹುಡುಗಿ ನೋಡ್ಬೇಡ. ನಾನು ಮೆಲ್ವಿನ್‌ನ ಪ್ರೀತಿಸ್ತೀನಿ!"

ಆ ಮಾತು ನನ್ನಿಂದ ಹೊರಬಿದ್ದ ಅಬ್ಬರಕ್ಕೆ ಶೆಟ್ಟರ ತಕ್ಕಡಿ ಅದುರಿತು. ಪ್ರದ್ಯುಮ್ನ ಹೌಹಾರಿ, ಮೈಕ್ ಎಸೆದು ಹೊರಗೋಡಿ ಬಂದ.

"ಏನೋ ಪದ್ದು, ಹೊಸ ಹಾಡಾ?" ಎಂದರು ಪಕ್ಕದ ಮನೆಯ ಕಾಮಾಕ್ಷಮ್ಮ.

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ತಾಯಿಯ ಮುಖ ನೋಡಿದ.

"ಇಲ್ಲ ಆಂಟಿ. ನಿಜ."

ಸುಗುಣಮ್ಮ ಉಸಲಿಯ ಪಾತ್ರೆ ಹಿಡಿದು ನಿಂತೇ ಇದ್ದರು. ಕಣ್ಣು ತುಂಬಿತ್ತು.

"ಯಾವ ಮೆಲ್ವಿನ್ನೋ? ನಿನ್ನೆ ಮತ್ತೆ ಮತ್ತೆ ಉಸಲಿ ಹಾಕಿಸ್ಕೊಂಡ್ನಲ್ಲ, ಅವನಾ?"

"ಹೂಂ ಅಮ್ಮ."

"ಅದಕ್ಕೇ ಅಷ್ಟು ಹೊಗಳ್ತಿದ್ನಾ! ನಿನ್ನೆ ಉಪ್ಪೇ ಹಾಕಿರ್ಲಿಲ್ಲ ಕಣೋ. ಹೋಗು, ಮುಖ ತೊಳ್ಕೊಂಡು ಬಾ."

ಪೂರ್ತಿ ಒಪ್ಪಿಕೊಳ್ಳಲು ಅವರಿಗೆ ಬಹಳ ಕಾಲ ಹಿಡಿಯಿತು. ನಂಜನಗೂಡಿಗೆ ಬೇಡವೆಂಬ ಫೋನು ಮಾತ್ರ ಮಾರನೆಯ ಬೆಳಿಗ್ಗೆಯೇ ಹೋಯಿತು.

ಈಗ ನನಗೆ ಮುಪ್ಪು. ಸ್ಪೀಕರ್ ಹರಿದು ಅಟ್ಟ ಸೇರಿದ್ದೇನೆ. ಆಗಾಗ ನನ್ನ ಧೂಳು ಒರೆಸಲು ಮೆಲ್ವಿನ್ ಏಣಿ ಹತ್ತುತ್ತಾನೆ. "ಬಿದ್ದುಗಿದ್ದೀಯ ಕೋತಿ, ಇಳಿಯೋ ಸಾಕು!" ಎಂದು ಕೆಳಗಿನಿಂದ ಸುಗುಣಮ್ಮ ಬೈಯುತ್ತಾರೆ. ಅಷ್ಟು ಸಲಿಗೆಯಿಂದ ಅವರು ಬೈಯುವುದು ಮನೆಮಕ್ಕಳನ್ನು ಮಾತ್ರ.